ಸಂಬಳ ಕೊಟ್ಟಿದ್ದು ಮೆಟ್ಸ್, ಕಪ್ ಗೆದ್ದಿದ್ದು ಟೆಕ್ಸಾಸ್

ಇವತ್ತು ಕ್ರಿಕೆಟ್ ಅಲ್ಲ, ಬೇಸ್‌ಬಾಲ್. ನಮ್ಮಲ್ಲಿ ಯಾರು ನೋಡ್ತಾರೆ ಅಂತೀರಾ? ಅಮೆರಿಕದ ಕ್ಲೈಂಟ್ ಇರೋರಿಗೆ ಕಾಲ್ ಶುರುವಾಗೋ ಮುಂಚೆ ಈ ಮಾತು ಕಿವಿಗೆ ಬಿದ್ದೇ ಇರುತ್ತೆ.

ನ್ಯೂಯಾರ್ಕ್ ಮೆಟ್ಸ್ 2022ರಲ್ಲಿ 101 ಪಂದ್ಯ ಗೆದ್ದಿತ್ತು. 2023ಕ್ಕೆ ಮಾಲೀಕ ಸ್ಟೀವ್ ಕೋಹೆನ್, ಅಲ್ಲಿವರೆಗೆ ಬೇಸ್‌ಬಾಲ್‌ನಲ್ಲಿ ಯಾರೂ ಕೊಡದಷ್ಟು ಸಂಬಳ ಸುರಿದರು. ಪಿಚರ್‌ಗಳಾದ ಮ್ಯಾಕ್ಸ್ ಶೆರ್ಜರ್, ಜಸ್ಟಿನ್ ವರ್ಲ್ಯಾಂಡರ್ ಇಬ್ಬರಿಗೂ ವರ್ಷಕ್ಕೆ ತಲಾ 4.33 ಕೋಟಿ ಡಾಲರ್. ಸೀಸನ್ ಶುರುವಾದಾಗ ಒಬ್ಬರಿಗೆ 38, ಇನ್ನೊಬ್ಬರಿಗೆ 40 ವಯಸ್ಸು. ಕೊನೆಗೆ ಬಂದಿದ್ದು 75 ಗೆಲುವು, 87 ಸೋಲು.

ದುರದೃಷ್ಟವೂ ಇತ್ತು, ಒಪ್ಪೋಣ. ನಮ್ಮ ಡೆತ್ ಓವರ್ ಬೌಲರ್ ಥರ ಪಂದ್ಯ ಮುಗಿಸಿಕೊಡೋ ಎಡ್ವಿನ್ ಡಿಯಾಸ್, ಮಾರ್ಚ್‌ನಲ್ಲಿ ಪೋರ್ಟೊ ರಿಕೊ ತಂಡ ಗೆದ್ದ ಖುಷಿಗೆ ಕುಣಿಯುವಾಗ ಮಂಡಿ ಪೆಟ್ಟು ಮಾಡ್ಕೊಂಡು ಇಡೀ ಸೀಸನ್ ಹೊರಗೆ ಕೂತರು. ವರ್ಲ್ಯಾಂಡರ್ ಗಾಯದಿಂದ ಮೇ ತನಕ ಆಡಲೇ ಇಲ್ಲ. ಆದ್ರೆ 162 ಪಂದ್ಯಗಳ ಸೀಸನ್ನಿಗೆ ವಯಸ್ಸಾದ ತೋಳುಗಳನ್ನೇ ನಂಬಿದ್ರೆ ಗಾಯ ಆಗೋದು ಅಚ್ಚರಿಯೇನಲ್ಲ.

ನನಗೆ ಹಿಡಿಸಿದ್ದು ಅದರ ನಂತರದ್ದು. ಆಗಸ್ಟ್ 1ರ ಒಳಗೆ ಇಬ್ಬರನ್ನೂ ಬೇರೆ ಟೀಮಿಗೆ ಕಳಿಸಿ, ಅವರ ಸಂಬಳದ ದೊಡ್ಡ ಪಾಲು ತಾವೇ ಕಟ್ಟಿ, ಬದಲಿಗೆ ಎಳೆ ಹುಡುಗರನ್ನ ತಗೊಂಡರು. ನಮ್ಮಲ್ಲಿ ಪ್ರಾಜೆಕ್ಟ್ ಕೆಟ್ಟಿದೆ ಅಂತ ಎಲ್ಲರಿಗೂ ಗೊತ್ತಿದ್ರೂ ಡಿಸೆಂಬರ್‌ವರೆಗೆ ಎಳೀತೀವಲ್ಲ!

ಆದ್ರೆ ಸೆಪ್ಟೆಂಬರ್ ಟಿಕೆಟ್ ಮೊದಲೇ ತಗೊಂಡಿದ್ದ ಅಭಿಮಾನಿಗೆ ಈ ಲೆಕ್ಕಾಚಾರದಿಂದ ಏನೂ ಸಿಗಲಿಲ್ಲ. ಶೆರ್ಜರ್ ಹೋಗಿ ಸೇರಿದ ಟೆಕ್ಸಾಸ್ ರೇಂಜರ್ಸ್ ಅದೇ ವರ್ಷ ವರ್ಲ್ಡ್ ಸೀರೀಸ್ ಗೆದ್ದಿತು. ಮೆಟ್ಸ್ ಅಭಿಮಾನಿ ಅದನ್ನ ಟಿವಿಯಲ್ಲಿ ನೋಡಿದ.