ಕಿಟಕಿ ಇಲ್ಲದ ಹಡಗು

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



"ಮಕ್ಕಳಿಗೆ ಉಪಯೋಗ ಆಗುವಂಥ ನಾಲ್ಕು ಮಾತು ಹೇಳಪ್ಪ" ಎಂದು ಗುರುಗಳು ಫೋನ್ ಮಾಡಿದ್ದರು. ಕಂಪ್ಯೂಟರ್ ಆಟದ ಬಗ್ಗೆ ಮಾತಾಡುತ್ತೇನೆ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಅವರ ಅನುಮಾನ ಸರಿಯೇ. ಆದರೆ ಈ ವಿಷಯ ನಾನು ಹುಡುಕಿಕೊಂಡು ಹೋದದ್ದಲ್ಲ, ನಮ್ಮ ಮನೆಗೇ ಬಂದದ್ದು.

ನಮ್ಮ ಅಣ್ಣನ ಮಗ ಇದೇ ಶಾಲೆಯಲ್ಲಿ 10ನೇ ತರಗತಿ ಓದುತ್ತಿದ್ದಾನೆ. ದೀಪಾವಳಿಗೆ ಊರಿಗೆ ಬಂದಾಗ ಹತ್ತಿರ ಬಂದು ಹೇಳಿದ: "ಕಾಕಾ, ನಾ ನೌಕಾಪಡಿಗಿ ಹೋಗ್ತೀನಿ. ಸಬ್‌ಮರೀನ್‌ದಾಗ ಕೆಲ್ಸಾ ಮಾಡ್ತೀನಿ." ಮೊಬೈಲಿನಲ್ಲಿ ಸಬ್‌ಮರೀನ್ ಆಟದ ವಿಡಿಯೊ ನೋಡಿದ್ದ, 2017ರ 'ಘಾಜಿ' ಸಿನಿಮಾವನ್ನೂ ನೋಡಿದ್ದ. ನಮ್ಮ ವೈನಿ ಒಲೆಯ ಮುಂದಿನಿಂದಲೇ ಕೂಗಿದರು: "ಸಮುದ್ರನೇ ನೋಡಿಲ್ಲ, ಅದರ ತಳಕ್ಕ ಹೋಗ್ತಾನಂತ! ನೀವರೆ ಹೇಳ್ರಿ ಇವ್ನಿಗಿ."

ನಾನೇನು ಹೇಳಲಿ? ನಾನೂ ಅದೇ ಆಟಗಳನ್ನು ಆಡಿ ಬೆಳೆದವನು. ಎಂಜಿನಿಯರಿಂಗ್ ಓದುವಾಗ ಹಾಸ್ಟೆಲ್ಲಿನಲ್ಲಿ ಒಬ್ಬನ ಕಂಪ್ಯೂಟರಿನಲ್ಲಿ 'ಸೈಲೆಂಟ್ ಹಂಟರ್ 3' ಇತ್ತು. 2005ರಲ್ಲಿ ಬಂದ ಆಟ. ಎರಡನೇ ಮಹಾಯುದ್ಧದ ಜರ್ಮನ್ ಸಬ್‌ಮರೀನಿಗೆ ನೀವೇ ಕ್ಯಾಪ್ಟನ್. ಹೊರಗಿನ ಕ್ಯಾಮೆರಾದಿಂದ ನೀಲಿ ನೀರಿನಲ್ಲಿ ನಮ್ಮ ಹಡಗು ತೇಲುವುದನ್ನು ನೋಡಬಹುದು, ಟಾರ್ಪಿಡೊ ಬಿಟ್ಟರೆ ಅದರ ಹಿಂದೆಯೇ ಹೋಗಿ ಹಡಗು ಸಿಡಿಯುವುದನ್ನು ನೋಡಬಹುದು. ಒಂದು ರಾತ್ರಿಗೆ ಹತ್ತು ಹಡಗು ಮುಳುಗಿಸಿ, ಸಬ್‌ಮರೀನ್ ಎಂದರೆ ಇಷ್ಟೇ ಎಂದುಕೊಂಡಿದ್ದೆ.

ಕೋರ್ಸ್ ಮುಗಿದ ಮೇಲೆ ಗೆಳೆಯನ ಜೊತೆ ವಿಶಾಖಪಟ್ಟಣಕ್ಕೆ ಹೋದೆ. ಅಲ್ಲಿ ಕಡಲ ದಂಡೆಯ ಮೇಲೆ ಐಎನ್‌ಎಸ್ ಕುರ್ಸುರಾ ಎಂಬ ನಿಜವಾದ ಸಬ್‌ಮರೀನ್ ಇದೆ. 1969ರಲ್ಲಿ ನಮ್ಮ ನೌಕಾಪಡೆ ಸೇರಿ, 1971ರ ಯುದ್ಧದಲ್ಲಿ ಅರಬ್ಬಿ ಸಮುದ್ರದಲ್ಲಿ ಕಾವಲು ಮಾಡಿ, 2001ರಲ್ಲಿ ನಿವೃತ್ತಿಯಾಗಿ, ಮರುವರ್ಷ ವಸ್ತುಸಂಗ್ರಹಾಲಯವಾಯಿತು. ಉದ್ದ 91 ಮೀಟರ್. ಒಳಗೆ ಹೋದರೆ ಇಬ್ಬರು ಎದುರುಬದುರಾದರೆ ಒಬ್ಬರು ಮೈ ಓರೆ ಮಾಡಬೇಕು. ಬಾಗಿಲೆಂದರೆ ದುಂಡನೆಯ ಕಿಂಡಿ, ಬಾವಿಯ ಕಟ್ಟೆ ದಾಟಿದ ಹಾಗೆ ಕಾಲೆತ್ತಿ ತೂರಬೇಕು. ಅಂಥಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ ವಾರಗಟ್ಟಲೆ ಇರುತ್ತಿದ್ದರು. ನನ್ನ ಗೆಳೆಯ ಅತ್ತಿತ್ತ ನೋಡಿ, "ಹೊರಗೆ ನೋಡುವ ಕಿಟಕಿ ಎಲ್ಲಿ?" ಎಂದು ಕೇಳಿದ. ಸುತ್ತಾಡಿಸುತ್ತಿದ್ದ ಹಿರಿಯರು ನಕ್ಕು, ತಮ್ಮ ಕಿವಿ ಮುಟ್ಟಿ ತೋರಿಸಿದರು.

ನಾಲ್ಕು ವರ್ಷ ಆಡಿದ ಆಟ ಕಲಿಸದ್ದನ್ನು ಆ ಒಂದು ಸನ್ನೆ ಕಲಿಸಿತು. ಮುಳುಗಿದ ಸಬ್‌ಮರೀನ್ ಕುರುಡು. ಪೆರಿಸ್ಕೋಪ್ ಕೂಡ ನೀರಿನ ಮೇಲ್ಮೈಗೆ ಬಂದಾಗ ಮಾತ್ರ ಉಪಯೋಗ. ಉಳಿದದ್ದೆಲ್ಲ ಕೇಳಿಯೇ ತಿಳಿಯಬೇಕು.

ಇದು ನಮಗೆ ಹೊಸದೇನಲ್ಲ. ಹಿಂದಿನ ಬ್ಯಾಚಿನವರಿಗೆ ನೆನಪಿರಬಹುದು, ವಿಜ್ಞಾನದ ಮಾಸ್ತರರು ನಮ್ಮನ್ನು ಭೀಮಾ ನದಿಗೆ ಕರೆದುಕೊಂಡು ಹೋಗಿ, ಒಬ್ಬನಿಗೆ ನೀರೊಳಗೆ ಎರಡು ಕಲ್ಲು ಕುಟ್ಟಲು ಹೇಳಿ, ದೂರ ನಿಂತ ನಮಗೆ ತಲೆ ಮುಳುಗಿಸಲು ಹೇಳುತ್ತಿದ್ದರು. ಕಿವಿಯ ಪಕ್ಕದಲ್ಲೇ ಕುಟ್ಟಿದ ಹಾಗೆ ಕೇಳುತ್ತಿತ್ತು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್, ನೀರಿನಲ್ಲಿ ಸುಮಾರು 1,500. ಬೇಸಿಗೆಯಲ್ಲಿ ಬಾವಿಗೆ ಜಿಗಿದವರಿಗೆ ಇನ್ನೊಂದೂ ಗೊತ್ತು: ಎದೆಮಟ್ಟ ಬೆಚ್ಚಗೆ, ಕಾಲಿನ ಹತ್ತಿರ ಒಮ್ಮೆಲೇ ಕೊರೆಯುವ ತಣ್ಣೀರು. ಸಮುದ್ರದಲ್ಲೂ ಅಂಥ ಪದರ ಇರುತ್ತದೆ. ಅಲ್ಲಿ ಶಬ್ದ ಬಾಗುತ್ತದೆ. ಅದರ ಕೆಳಗೆ ಇಳಿದ ಸಬ್‌ಮರೀನ್ ಮೇಲಿನವರ ಕಿವಿಗೆ ಸುಲಭವಾಗಿ ಸಿಗುವುದಿಲ್ಲ.

ಸಿನಿಮಾದಲ್ಲಿ ಸಬ್‌ಮರೀನ್ ಬಂತೆಂದರೆ "ಪಿಂಗ್... ಪಿಂಗ್..." ಎಂಬ ಸದ್ದು ಇರಲೇಬೇಕು. ಎದೆ ಹೊಡೆದುಕೊಳ್ಳುತ್ತದೆ, ನಿಜ. ಆದರೆ ತಾನಾಗಿ ಹಾಗೆ ಸದ್ದು ಬಿಡುವುದು ಕತ್ತಲ ಹೊಲದಲ್ಲಿ ಬ್ಯಾಟರಿ ಹಚ್ಚಿದ ಹಾಗೆ. ನಮಗೆ ಕಳ್ಳ ಕಾಣುವುದಕ್ಕಿಂತ ಮೊದಲು ಕಳ್ಳನಿಗೆ ನಾವು ಕಾಣುತ್ತೇವೆ. ಸಬ್‌ಮರೀನಿನವರು ಹೆಚ್ಚಾಗಿ ಬಾಯಿ ಮುಚ್ಚಿ ಕೇಳುವವರು. 'ಘಾಜಿ'ಯಲ್ಲಿ ನಮ್ಮ ಸಬ್‌ಮರೀನೇ ಪಾಕಿಸ್ತಾನದ ಘಾಜಿಯನ್ನು ಮುಳುಗಿಸುತ್ತದೆ. ನಮ್ಮ ನೌಕಾಪಡೆಯ ಹೇಳಿಕೆಯಂತೆ, 1971ರ ಡಿಸೆಂಬರಿನಲ್ಲಿ ವಿಶಾಖಪಟ್ಟಣದ ಹೊರಗೆ ಆ ಕೆಲಸ ಮಾಡಿದ್ದು ನೀರಿನ ಮೇಲಿನ ಯುದ್ಧನೌಕೆ ಐಎನ್‌ಎಸ್ ರಜಪೂತ್. ಒಳಗೇ ಸ್ಫೋಟವಾಯಿತು ಎಂಬ ವಾದವೂ ಇದೆ. ಸಿನಿಮಾ ಮಾಡಿದವರು ಕಥೆ ಹೇಳಿದರು, ತಪ್ಪಲ್ಲ. ಅದನ್ನೇ ಇತಿಹಾಸ ಎಂದುಕೊಂಡರೆ ತಪ್ಪು ನಮ್ಮದು.

ಹಾಗಾದರೆ ವಾಸ್ತವ ಒಂದೇ ಸಾಕೇ? ಅದನ್ನೂ ಆಡಿ ನೋಡಿದ್ದೇನೆ. 2005ರದೇ 'ಡೇಂಜರಸ್ ವಾಟರ್ಸ್' ಎಂಬ ಆಟವನ್ನು ಅಮೆರಿಕದ ನೌಕಾಪಡೆಗೂ ಕೆಲಸ ಮಾಡುವ ಸೋನಾಲಿಸ್ಟ್ಸ್ ಕಂಪನಿ ತಯಾರಿಸಿತು. ಪರದೆಯ ತುಂಬ ಗೆರೆ, ಅಂಕಿ, ಗುಂಡಿ. ಎಲ್ಲವೂ ಕರಾರುವಾಕ್ಕು, ಆದರೆ ಒಳಗೆ ಮನುಷ್ಯರಿದ್ದಾರೆ ಎಂದೇ ಅನಿಸುವುದಿಲ್ಲ. ಈಚಿನ 'ಯು-ಬೋಟ್' ಆಟದಲ್ಲಿ ಸಿಬ್ಬಂದಿಯ ಊಟ, ನಿದ್ದೆ, ಧೈರ್ಯವನ್ನೂ ನೋಡಿಕೊಳ್ಳಬೇಕು. ಅದೂ ವಾಸ್ತವದ ಒಂದು ಭಾಗವೇ.

ನಮ್ಮ ಕಡೆಯ ದೊಡ್ಡಾಟ ನೆನಪಿಸಿಕೊಳ್ಳಿ. ವೇಷಧಾರಿ ರಂಗದ ಮೇಲೆ ಒಂದು ಸುತ್ತು ಹಾಕಿದರೆ ಕಾಡು ದಾಟಿದ ಎಂದು ನಂಬುತ್ತೇವೆ. ಒಂದು ಗಿಡವೂ ಇರುವುದಿಲ್ಲ, ಆದರೆ ಅವನ ದಣಿವು, ಭಯ ನಿಜವಾಗಿರಬೇಕು. ಅದು ಸುಳ್ಳಾದರೆ ಎಷ್ಟೇ ಬಣ್ಣದ ಪರದೆ ಕಟ್ಟಿದರೂ ಜನ ಎದ್ದು ಹೋಗುತ್ತಾರೆ. ವಾತಾವರಣ ಬೇಡ ಎಂದು ನಾನು ಹೇಳುವುದಿಲ್ಲ. ಅದು ನಿಜದ ಹೊಟ್ಟೆಯಿಂದ ಹುಟ್ಟಬೇಕು.

ಅದಕ್ಕೇ ಹುಡುಗನಿಗೆ ಬುದ್ಧಿ ಹೇಳುವ ಬದಲು ನನ್ನ ಲ್ಯಾಪ್‌ಟಾಪಿನಲ್ಲಿ ಅದೇ ಹಳೆಯ ಆಟ ಹಾಕಿಕೊಟ್ಟೆ. ಆದರೆ ಹೊರಗಿನ ಕ್ಯಾಮೆರಾ ತೆಗೆದೆ, ಗುರಿಯ ಲೆಕ್ಕ ನೀನೇ ಮಾಡಬೇಕು ಎಂದೆ, ಕಾಲವನ್ನು ಓಡಿಸುವ ಗುಂಡಿ ಮುಟ್ಟಬಾರದು ಎಂದೆ. ಮೊದಲ ಒಂದು ತಾಸು ಬರೀ ನೀರು. "ಏನೂ ಆಗವಲ್ದು ಕಾಕಾ" ಎಂದ. "ಇದೇ ಕೆಲ್ಸಾ" ಎಂದೆ. ಎರಡನೇ ತಾಸಿಗೆ ಹೆಡ್‌ಫೋನಿನಲ್ಲಿ ದೂರದ ಫ್ಯಾನಿನ ಸದ್ದು ಕೇಳಿಸಿತು. ಹುಡುಗ ಉಸಿರು ಹಿಡಿದು ಕೂತ. ಪರದೆಯ ಮೇಲೆ ನೋಡಲು ಏನೂ ಇರಲಿಲ್ಲ, ಆದರೂ ಅವನ ಕೈ ನಡುಗುತ್ತಿತ್ತು.

ಪೆರಿಸ್ಕೋಪ್ ಎತ್ತಿದಾಗ ಹಡಗು ಕಂಡಿತು. ಅದು ಎಷ್ಟು ದೂರ? ಹಡಗಿನ ಗುರುತಿನ ಪುಸ್ತಕದಲ್ಲಿ ಅದರ ಕಂಬದ ಎತ್ತರ ಹುಡುಕಬೇಕು, ಕಂಬದ ತುದಿ ಎಷ್ಟು ಕೋನದಲ್ಲಿದೆ ಎಂದು ಅಳೆಯಬೇಕು. ಕಂಬ 30 ಮೀಟರ್, ಕೋನ 1 ಡಿಗ್ರಿ ಇದ್ದರೆ ದೂರ ಸುಮಾರು 1,720 ಮೀಟರ್. ಮಕ್ಕಳೇ, ಇದು ನಿಮ್ಮ 10ನೇ ತರಗತಿಯ ತ್ರಿಕೋನಮಿತಿ ಪಾಠ, ಟ್ಯಾನ್ ಥೀಟಾ! ಅವನು ಅವಸರದಲ್ಲಿ ಬೇರೆ ಹಡಗಿನ ಪುಟ ತೆಗೆದು ಕಂಬ 20 ಮೀಟರ್ ಎಂದುಕೊಂಡ. ಲೆಕ್ಕದಲ್ಲಿ ದೂರ 1,150ಕ್ಕೆ ಇಳಿಯಿತು. ಟಾರ್ಪಿಡೊ ಗುರಿ ತಪ್ಪಿತು. ಹಡಗು ತನ್ನ ಪಾಡಿಗೆ ಹೋಯಿತು.

ಅವನು ಸಿಟ್ಟಾಗಲಿಲ್ಲ. ಒಳಗೆ ಹೋಗಿ ಗಣಿತದ ಪುಸ್ತಕ ತಂದ.

ಆಗ ನಾನು ಯಾವ ಆಟವೂ ತೋರಿಸದ ಮಾತು ಹೇಳಬೇಕಾಯಿತು. ಆಟದಲ್ಲಿ ಮುಳುಗಿದರೆ ಮತ್ತೆ ಶುರು ಮಾಡಬಹುದು. ಜರ್ಮನಿಯ ಆ ಸಬ್‌ಮರೀನುಗಳಲ್ಲಿ ಹೋದ ಸುಮಾರು 40,000 ಮಂದಿಯಲ್ಲಿ 28,000ಕ್ಕೂ ಹೆಚ್ಚು ಜನ ಸತ್ತರು. ಅವರು ಮುಳುಗಿಸಿದ ಹಡಗುಗಳಲ್ಲೂ ಜನರಿದ್ದರು. 2013ರ ಆಗಸ್ಟ್ 14ರಂದು ಮುಂಬೈ ಬಂದರಿನಲ್ಲಿ ನಮ್ಮ ಐಎನ್‌ಎಸ್ ಸಿಂಧುರಕ್ಷಕ್ ಸ್ಫೋಟಗೊಂಡು 18 ಮಂದಿ ತೀರಿಕೊಂಡರು. ಯುದ್ಧ ಇರಲಿಲ್ಲ, ಹಡಗು ದಕ್ಕೆಯಲ್ಲೇ ನಿಂತಿತ್ತು. ಹುಡುಗ ಸುಮ್ಮನೆ ಕೇಳಿದ. ವೈನಿಯೂ ಬಾಗಿಲಲ್ಲಿ ನಿಂತು ಕೇಳಿದರು.

ಅವನು ಹೋಗುತ್ತಾನೋ ಇಲ್ಲವೋ, ನಿರ್ಧಾರ ಅವನದು, ಅವನ ತಂದೆತಾಯಿಯದು. ನನ್ನ ಕರ್ತವ್ಯ ಇಷ್ಟೇ: ಬರೀ ಬಣ್ಣ ತೋರಿಸಿ ಕಳಿಸಬಾರದು, ಬರೀ ಭಯ ಹೇಳಿ ತಡೆಯಲೂಬಾರದು. ಮೊನ್ನೆ ಫೋನ್ ಮಾಡಿದಾಗ ವೈನಿ ಹೇಳಿದರು: "ಹೊಳಿಗಿ ಹೋಗಿ ಗೆಳೆಯರ ಕೂಡ ನೀರಾಗ ಕಲ್ಲು ಕುಟ್ಟಕ್ಕತ್ಯಾನ. ಇದೂ ನೀವೇ ಹಚ್ಚಿದ್ದೇನು?"

ಹೌದು ಎಂದೆ. ನಿಜವಾಗಿ ಅದನ್ನು ಹಚ್ಚಿದವರು ನಮ್ಮ ಮಾಸ್ತರರು. ಈಗ ಶಾಲೆಗೆ ದೊಡ್ಡ ಪರದೆ ಬರಲಿದೆ ಎಂದು ಕೇಳಿದೆ, ಸಂತೋಷ. ಹಳೆಯ ವಿದ್ಯಾರ್ಥಿಗಳ ಜೊತೆ ನನ್ನ ಪಾಲನ್ನೂ ಕೊಡುತ್ತೇನೆ. ಒಂದೇ ವಿನಂತಿ. ಪರದೆಯ ಮೇಲೆ ಸಮುದ್ರ ತೋರಿಸುವ ದಿನ ಮಕ್ಕಳನ್ನು ಒಮ್ಮೆ ಹೊಳೆಗೂ ಕರೆದುಕೊಂಡು ಹೋಗಿ. ಜೊತೆಗೆ ಈಜು ಬಲ್ಲ ಹಿರಿಯರು ಇರಲಿ, ತಲೆ ಮುಳುಗಿಸಿ ಕೇಳಲಿ.