ಬೆಸುಗೆಗೆ ತಕ್ಕ ಕಾವು

ಪಾತ್ರೆಗೆ ಕಲಾಯಿ ಹಾಕುವುದನ್ನು ನಿಮ್ಮಲ್ಲಿ ಹಿರಿಯರು ಕಂಡಿರುತ್ತೀರಿ. ಮರಾಠಿಯಲ್ಲಿ ಕಲ್ಹಈ ಅಂದರೂ ಕೆಲಸ ಅದೇ. ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರ ತಾಗಿಸಿ ಅರಿವೆಯಿಂದ ಒರೆಸುತ್ತಿದ್ದರು. ಕಾವು ಕಡಿಮೆಯಾದರೆ ತವರ ಹತ್ತದು, ಹೆಚ್ಚಾದರೆ ಕೆಡುವುದು. ರೇಡಿಯೋ ರಿಪೇರಿಯ ಸಾಲ್ಡರಿಂಗ್ ಐರನ್ನಿನ ಗುಟ್ಟೂ ಇದೇ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಅಜ್ಜನ ಟ್ರಾನ್ಸಿಸ್ಟರಿನ ಒಂದು ತಂತಿ ಬಿಟ್ಟಿತು. ಸಂಜೆ ಕನ್ನಡ ಬಾತ್ಮಿ ಕೇಳಲು ಓಣಿಯ ಹತ್ತು ಮಂದಿ ಅದರ ಸುತ್ತ ಕೂಡುತ್ತಿದ್ದರು. ನಾನೇ ಸರಿಮಾಡುತ್ತೇನೆಂದು ಪೇಟೆಗೆ ಹೋಗಿ, ದೊಡ್ಡದಿದ್ದರೆ ಒಳ್ಳೆಯದೆಂದು 60 ವ್ಯಾಟಿನದನ್ನೇ ತಂದೆ. ಒತ್ತಿ ಹಿಡಿದದ್ದೇ ತಡ, ಬೋರ್ಡಿನ ತಾಮ್ರದ ಪಟ್ಟಿ ಸಿಪ್ಪೆಯಂತೆ ಎದ್ದುಬಂತು. ರಿಪೇರಿಯವರು ನೋಡಿ, "ಏನ್ ತಮ್ಮಾ, ಎತ್ತಿನ ಲಾಳ ಆಡಿನ ಕಾಲಿಗೆ ಹೊಡದೀಯಲ್ಲ" ಎಂದು ನಕ್ಕರು. ಕಿತ್ತ ಪಟ್ಟಿಯ ಬದಲಿಗೆ ಸಣ್ಣ ತಂತಿ ಬೆಸೆದು ರೇಡಿಯೋ ಉಳಿಸಿಕೊಟ್ಟರು.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಸಣ್ಣ ಸರ್ಕ್ಯೂಟ್ ಕಟ್ಟುವವರಿಗೆ 25 ವ್ಯಾಟಿನ, ಮೊನಚು ತುದಿಯ ಸಾದಾ ಐರನ್ ಸಾಕು. 60 ವ್ಯಾಟಿನ ಸಾದಾ ಐರನ್ ದಪ್ಪ ತಂತಿಗೆ, ತಗಡಿಗೆ ಇರಲಿ. 60 ಪಾಲು ತವರ, 40 ಪಾಲು ಸೀಸ ಕೂಡಿದ ಸಾಲ್ಡರ್ ತಂತಿ 183ರಿಂದ 190 ಡಿಗ್ರಿಯೊಳಗೆ ಕರಗುತ್ತದೆ. ತುದಿಗೆ ಸುಮಾರು 350 ಡಿಗ್ರಿ ಇದ್ದರೆ ಎರಡು ಮೂರು ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ.

ಹಳ್ಳಿಯವರು ಇನ್ನೊಂದು ಲೆಕ್ಕ ಹಾಕಬೇಕು. 25 ವ್ಯಾಟ್ ಎಂಬುದು 230 ವೋಲ್ಟ್ ಬಂದಾಗಿನ ಮಾತು. ಪಂಪುಸೆಟ್ಟುಗಳು ಓಡುವ ಹೊತ್ತಿಗೆ ವೋಲ್ಟೇಜು 180ಕ್ಕೆ ಇಳಿದರೆ ಅದೇ ಐರನ್ ಸುಮಾರು 15 ವ್ಯಾಟ್ ಆಗಿಬಿಡುತ್ತದೆ. ಐರನ್ ಕೆಟ್ಟಿತೆಂದು ಅಂಗಡಿಗೆ ಓಡಬೇಡಿ. ವೋಲ್ಟೇಜು ಸರಿಯಿರುವ ಹೊತ್ತು ನೋಡಿ ಕೂಡಿರಿ. ನಾಲ್ಕು ಕಾಸು ಹೆಚ್ಚು ಕೊಡಬಲ್ಲವರಿಗೆ ಕಾವು ತಾನೇ ಹಿಡಿದಿಡುವ ಐರನ್ನುಗಳು ಈಗ ಸಿಗುತ್ತವೆ. ಅವುಗಳಲ್ಲಿ ವ್ಯಾಟ್ 60 ಇದ್ದರೂ ಭಯವಿಲ್ಲ. ಗೊತ್ತುಮಾಡಿದ ಡಿಗ್ರಿ ಮುಟ್ಟಿದೊಡನೆ ಕಾವು ಅಲ್ಲೇ ನಿಲ್ಲುತ್ತದೆ.

ಕೊಳ್ಳುವಾಗ ಮೂರು ಪಿನ್ನಿನ, ಅರ್ತ್ ತಂತಿಯಿರುವುದನ್ನೇ ಕೇಳಿರಿ. ಆದರೆ ಮನೆಯ ಪ್ಲಗ್ಗಿಗೆ ನಿಜವಾಗಿ ಅರ್ತ್ ಬಂದಿದೆಯೇ ಎಂದು ವೈರಮನ್‌ರಿಂದ ನೋಡಿಸಿಕೊಳ್ಳಿ. ಬರದಿದ್ದರೆ ಮೂರನೆಯ ಪಿನ್ನು ಬರೀ ತೋರಿಕೆ. ಕಾದ ಐರನ್ನನ್ನು ಚಾಪೆಯ ಮೇಲೆ ಇಡುವಂತಿಲ್ಲ, ಜೊತೆಗೇ ಸ್ಟ್ಯಾಂಡು ತನ್ನಿರಿ. ತುದಿ ತಾಮ್ರದ್ದಾದರೆ ಸವೆದಾಗ ಅರದಿಂದ ಉಜ್ಜಬಹುದು. ಕಬ್ಬಿಣದ ಲೇಪವಿರುವ ತುದಿಯನ್ನು ಮಾತ್ರ ಉಜ್ಜಬೇಡಿ. ಲೇಪ ಹೋದರೆ ಒಳಗಿನ ತಾಮ್ರವನ್ನು ತವರ ತಿಂದುಹಾಕುತ್ತದೆ. ಒದ್ದೆ ಸ್ಪಂಜಿನಿಂದ ಒರೆಸಿ, ಆರಿಸುವ ಮುನ್ನ ತುದಿಗೆ ಚೂರು ಸಾಲ್ಡರ್ ಹಚ್ಚಿಡಿ.

ಕಲಾಯಿಯ ನವಸಾಗರವನ್ನಾಗಲಿ, ತಗಡಿನವರ ಆ್ಯಸಿಡ್ಡನ್ನಾಗಲಿ ಬೋರ್ಡಿಗೆ ಹಚ್ಚಬೇಡಿ, ತಾಮ್ರವನ್ನು ಕೊರೆದುಬಿಡುತ್ತವೆ. ರಾಳ ತುಂಬಿದ ಸಾಲ್ಡರ್ ತಂತಿಯನ್ನೇ ತಂದರೆ ಬೇರೆ ಪೇಸ್ಟು ಬೇಡ.

ಇನ್ನು ಪ್ರಾಣದ ಮಾತು. ಬೆಸೆಯುವ ಸಾಮಾನಿನ ಪ್ಲಗ್ ಕಿತ್ತಿರಬೇಕು, ಬ್ಯಾಟರಿ ತೆಗೆದಿರಬೇಕು. ಟಿ.ವಿ.ಯಂಥವುಗಳ ಕೆಪ್ಯಾಸಿಟರುಗಳಲ್ಲಿ ಪ್ಲಗ್ ಕಿತ್ತ ಮೇಲೂ ಕರೆಂಟು ಉಳಿದಿರುತ್ತದೆ. ಹೊಸಬರು ಅತ್ತ ಹೋಗದಿರುವುದೇ ಲೇಸು. ಸುಡುವ ರಾಳದ ಹೊಗೆ ದಮ್ಮಿನವರಿಗೆ ಆಗದು, ಕಿಟಕಿ ತೆರೆದಿಡಿ. ಸಾಲ್ಡರಿನಲ್ಲಿ ಸೀಸವಿದೆ, ಕೈ ತೊಳೆಯದೆ ರೊಟ್ಟಿ ಮುರಿಯಬೇಡಿ.

ಮಕ್ಕಳೇ, ಮೊದಲು ಹಳೆಯ ಬೋರ್ಡಿನ ಮೇಲೆ ಕೈ ಪಳಗಿಸಿಕೊಳ್ಳಿ. ಮೊದಲು ಜೋಡಿಸುವ ಜಾಗ ಕಾಯಬೇಕು, ಆಮೇಲೆ ಸಾಲ್ಡರ್ ತಾಗಿಸಬೇಕು. ಅದು ಹರಿದು ಹೊಳೆದರೆ ಬೆಸುಗೆ ಬಂತು. ಜೋಳದ ಕಾಳಿನಂತೆ ಗುಂಡಾಗಿ ಕೂತರೆ ಹತ್ತಿಲ್ಲವೆಂದು ತಿಳಿಯಿರಿ. ಹತ್ತು ಕೆಡಲಿ, ಹನ್ನೊಂದನೆಯದು ಕೂಡೀತು. ಆಮೇಲೆ ಅಜ್ಜನ ರೇಡಿಯೋಕ್ಕೆ ಕೈ ಹಾಕಿರಿ.