ಪಾಂಟಿಯಾಕ್ ಊರಿನ ಹಸಿರು ಕಾರು

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ 'ಅಮೆರಿಕದ ಅನುಭವ' ಎಂದು ಹಾಕಿದ್ದಾರೆ. ಅಮೆರಿಕದ ಅನುಭವ ಹೇಳುವವರು ಈಗ ಪ್ರತಿ ಊರಿನಲ್ಲೂ ಹತ್ತು ಜನ ಸಿಗುತ್ತಾರೆ. ಆದ್ದರಿಂದ ಮುಖ್ಯೋಪಾಧ್ಯಾಯರ ಅಪ್ಪಣೆ ಪಡೆದು, ನಾನು ಕೈಯಾರೆ ಮಾಡಿದ ಒಂದು ಕೆಲಸದ ವಿಷಯ ಮಾತ್ರ ಹೇಳುತ್ತೇನೆ. ಒಂದು ಹಳೆಯ ಕಾರು ಕೊಂಡು, ನಾಲ್ಕು ವರ್ಷ ಅದನ್ನು ಬಿಚ್ಚಿ ಜೋಡಿಸಿ, ಕೊನೆಗೆ ಮಾರಿದ್ದು. ಇಲ್ಲಿ ಟ್ರ್ಯಾಕ್ಟರ್ ಇಟ್ಟವರಿದ್ದೀರಿ, ಗ್ಯಾರೇಜ್ ಇಟ್ಟ ಗೆಳೆಯರಿದ್ದೀರಿ. ನಿಮಗೆ ಇದು ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ನಾನಿರುವುದು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ನಗರದ ಉತ್ತರಕ್ಕೆ. ಅಲ್ಲಿ ಪಾಂಟಿಯಾಕ್ ಎಂಬ ಊರಿದೆ. ಪಾಂಟಿಯಾಕ್ ಎಂಬುವನು ಒಡಾವಾ ಎಂಬ ಮೂಲನಿವಾಸಿ ಬುಡಕಟ್ಟಿನ ನಾಯಕ. 1763ರಲ್ಲಿ ಬ್ರಿಟಿಷರ ಡೆಟ್ರಾಯಿಟ್ ಕೋಟೆಗೆ ಮುತ್ತಿಗೆ ಹಾಕಿದವನು. ಅವನ ಹೆಸರು ಊರಿಗೆ ಬಂತು, ಊರಿನ ಹೆಸರು ಜನರಲ್ ಮೋಟಾರ್ಸ್ ಕಂಪನಿಯ ಒಂದು ಕಾರಿಗೆ ಬಂತು. 2010ರಲ್ಲಿ ಆ ಕಾರಿನ ಹೆಸರೇ ಮುಚ್ಚಿಹೋಯಿತು. ಊರು ಇದೆ, ಹಳೆಯ ಕಾರುಗಳೂ ಇವೆ.

ಅಮೆರಿಕದವರು 'ಮಸಲ್ ಕಾರ್' ಎಂದು ಕರೆಯುವ ಒಂದು ಜಾತಿಯ ಕಾರಿದೆ. ಗರಡಿ ಮನೆಯ ಪೈಲ್ವಾನನಂಥ ಕಾರು ಅಂದುಕೊಳ್ಳಿ. ಹಗುರವಾದ ಗಾಡಿಗೆ ಒಳ್ಳೆಯ ಹಳ್ಳಿಕಾರ್ ಜೋಡಿ ಹೂಡಿದರೆ ಹೇಗೋ ಹಾಗೆ, ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ ಇಂಜಿನ್ ಕೂರಿಸುವುದು. ಇದರ ಹುಟ್ಟಿನ ಹಿಂದೆ ಒಂದು ತಮಾಷೆಯಿದೆ. 1963ರಲ್ಲಿ ಜನರಲ್ ಮೋಟಾರ್ಸ್ ತನ್ನ ವಿಭಾಗಗಳಿಗೆ ರೇಸಿನ ಸಹವಾಸವೇ ಬೇಡ ಎಂದು ಅಪ್ಪಣೆ ಮಾಡಿತ್ತು. ಮಧ್ಯಮ ಗಾತ್ರದ ಕಾರಿಗೆ 330 ಕ್ಯೂಬಿಕ್ ಇಂಚಿಗಿಂತ ದೊಡ್ಡ ಇಂಜಿನ್ ಹಾಕಬಾರದು ಎಂಬ ನಿಯಮವೂ ಇತ್ತು. ಪಾಂಟಿಯಾಕ್ ವಿಭಾಗದ ಇಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವರ ಜೊತೆಗಾರರು ನಿಯಮವನ್ನು ಗಮನವಿಟ್ಟು ಓದಿದರು. ನಿಯಮ ಇದ್ದದ್ದು ಹೊಸ ಮಾದರಿಗಳಿಗೆ. ಗಿರಾಕಿ ತಾನಾಗಿ ಕೇಳಿ ಹೆಚ್ಚಿಗೆ ದುಡ್ಡು ಕೊಟ್ಟು ಹಾಕಿಸಿಕೊಳ್ಳುವ ಸಾಮಾನಿನ ಬಗ್ಗೆ ಅದರಲ್ಲಿ ಮಾತಿರಲಿಲ್ಲ. 1964ರಲ್ಲಿ ಟೆಂಪೆಸ್ಟ್ ಎಂಬ ಸಾಧಾರಣ ಕಾರಿಗೆ 389 ಕ್ಯೂಬಿಕ್ ಇಂಚಿನ ಇಂಜಿನ್ ಇರುವ ಒಂದು ಆಯ್ಕೆಯನ್ನು ಸೇರಿಸಿ ಅದಕ್ಕೆ ಜಿ.ಟಿ.ಒ. ಎಂದು ಹೆಸರಿಟ್ಟರು. ಹೆಸರನ್ನು ಇಟಲಿಯ ಫೆರಾರಿಯಿಂದ ಎತ್ತಿಕೊಂಡದ್ದು! ಐದು ಸಾವಿರ ಮಾರಿದರೆ ಹೆಚ್ಚು ಎಂದು ಕಂಪನಿಯ ಒಳಗಿನವರೇ ಅಂದರಂತೆ. ಆ ವರ್ಷವೇ 32,450 ಮಾರಿದವು.

ನನ್ನ ಕೈಗೆ ಬಂದದ್ದು 1968ರ ಜಿ.ಟಿ.ಒ. ಅದರಲ್ಲಿ 400 ಕ್ಯೂಬಿಕ್ ಇಂಚಿನ ಇಂಜಿನ್, ನಮ್ಮ ಲೆಕ್ಕದಲ್ಲಿ ಸುಮಾರು 6,500 ಸಿ.ಸಿ. ನಾವು ಹುಡುಗರಾಗಿದ್ದಾಗ ನೋಡಿದ ಅಂಬಾಸಿಡರ್ 1,500 ಸಿ.ಸಿ. ಆಸುಪಾಸಿನದು. ನಾಲ್ಕು ಅಂಬಾಸಿಡರ್‌ಗಳನ್ನು ಒಂದೇ ಬಾನೆಟ್ಟಿನ ಕೆಳಗೆ ಕಟ್ಟಿಹಾಕಿದ ಹಾಗೆ. ಬಣ್ಣ 'ವರ್ಡೋರೋ ಗ್ರೀನ್', ಮಳೆಗಾಲದಲ್ಲಿ ತೊಳೆದಿಟ್ಟ ಅಡಿಕೆ ಸೋಗೆಯಂಥ ಕಡು ಹಸಿರು. ಮುಂದಿನ ಬಂಪರ್ ಲೋಹದ ಹೊಳಪಿನದಲ್ಲ, ಕಾರಿನ ಬಣ್ಣವನ್ನೇ ಬಳಿದ ರಬ್ಬರಿನಂಥ ವಸ್ತುವಿನದು. ಇಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಮೀಟರು ಬಾನೆಟ್ಟಿನ ಮೇಲೆ, ಗಾಜಿನ ಆಚೆ, ಮಳೆ ಬಿಸಿಲಿಗೆ ಕೂತಿರುತ್ತದೆ. ಯಾಕೆ ಹಾಗೆ ಎಂದು ಕೇಳಬೇಡಿ. ನೋಡಲು ಚೆನ್ನ, ಅಷ್ಟೇ.

2013ರಲ್ಲಿ ಅದನ್ನು ಕೊಂಡದ್ದು ಒಬ್ಬ ಹಿರಿಯ ಹೆಂಗಸಿನಿಂದ. ಅವರ ಯಜಮಾನರು ಪಾಂಟಿಯಾಕ್ ಕಾರ್ಖಾನೆಯ ಅಸೆಂಬ್ಲಿ ಲೈನಿನಲ್ಲಿ ದುಡಿದವರು, ಈ ಕಾರನ್ನು ಹೊಸದಾಗಿಯೇ ಕೊಂಡವರು. ಅವರು ತೀರಿಕೊಂಡ ಮೇಲೆ ಕಾರು ಹತ್ತು ವರ್ಷ ಕೊಟ್ಟಿಗೆಯಲ್ಲಿ ನಿಂತಿತ್ತು. ಆ ತಾಯಿ ಬೆಲೆ ಹೇಳುವ ಮೊದಲೇ ಹೇಳಿದ್ದು ಇದು: "ಇದರ ಇಂಜಿನ್ ಹುಟ್ಟಿನದ್ದಲ್ಲ. ಆಮೇಲೆ ಗೊತ್ತಾಗಿ ನನ್ನನ್ನು ಬೈಯಬೇಡ." ಕಾರಿನ ಜೊತೆ ಯಜಮಾನರ ಕೈಬರಹದ ಒಂದು ನೋಟ್‌ಬುಕ್ ಕೊಟ್ಟರು. ಎಂದು ಆಯಿಲ್ ಬದಲಾಯಿಸಿದ್ದು, ಎಷ್ಟು ಮೈಲಿ ಓಡಿದ್ದು, ಎಲ್ಲವೂ ಅದರಲ್ಲಿತ್ತು. 1974ರ ಪುಟದಲ್ಲಿ ಕನೆಕ್ಟಿಂಗ್ ರಾಡ್ ಮುರಿದು ಇಂಜಿನ್ ಬ್ಲಾಕ್ ತೂತಾದದ್ದು, ಗುಜರಿಯಲ್ಲಿ ಸಿಕ್ಕ 1970ರ ಪಾಂಟಿಯಾಕ್ ಕ್ಯಾಟಲಿನಾ ಕಾರಿನ 400 ಇಂಜಿನ್ನನ್ನು ಅವರೇ ಕೂರಿಸಿದ್ದು ಬರೆದಿತ್ತು. ನಾನು 11 ಸಾವಿರ ಡಾಲರ್ ಕೊಟ್ಟು ತಂದೆ. ದಯವಿಟ್ಟು ಇದನ್ನು ರೂಪಾಯಿಗೆ ತಿರುಗಿಸಬೇಡಿ, ನಮ್ಮ ಮನೆಯಾಕೆ ಒಮ್ಮೆ ತಿರುಗಿಸಿ ಎರಡು ದಿನ ಮಾತು ಬಿಟ್ಟಿದ್ದಳು.

ಕೆಲಸದ ವಿಷಯಕ್ಕೆ ಬರುತ್ತೇನೆ. ಮಿಶಿಗನ್ನಿನಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ಕಾರನ್ನು ಗೆದ್ದಲಿನ ಹಾಗೆ ಕೆಳಗಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ಮಿಂಚುತ್ತಿರುತ್ತದೆ, ಒಳಗೆ ಕಾಲಿಡುವ ಜಾಗದ ತಗಡು ಹಪ್ಪಳವಾಗಿರುತ್ತದೆ. ಹಳೆಯ ಕಾರು ನೋಡಲು ಹೋದಾಗ ನಾನು ಮೊದಲು ನೋಡುವುದು ಡಿಕ್ಕಿಯ ತಳ, ಹಿಂದಿನ ಗಾಜಿನ ಅಂಚು, ಹಿಂದಿನ ಚಕ್ರದ ಸುತ್ತಿನ ಕೆಳಭಾಗ. ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇರುತ್ತದೆ. ತಗಡು ಇದ್ದರೆ ಹಿಡಿಯುತ್ತದೆ, ಬರೀ ಪುಟ್ಟಿ ಮೆತ್ತಿದ್ದರೆ ಜಾರಿ ಬೀಳುತ್ತದೆ. ನಮ್ಮ ಕಡೆಯ ಟಿಂಕರಿಂಗ್ ಕೆಲಸದವರು ಬೆರಳಿನಿಂದ ತಟ್ಟಿಯೇ ಹೇಳಿಬಿಡುತ್ತಾರೆ, ನನಗೆ ಆ ಕಿವಿ ಇಲ್ಲ.

ಮೊದಲ ವರ್ಷ ಬಿಚ್ಚುವುದರಲ್ಲೇ ಹೋಯಿತು. ಬಿಚ್ಚುವುದು ಸುಲಭ, ಯಾವ ಬೋಲ್ಟು ಎಲ್ಲಿಯದು ಎಂದು ನೆನಪಿಡುವುದು ಕಷ್ಟ. ಪ್ರತಿಯೊಂದಕ್ಕೂ ಒಂದು ಪ್ಲಾಸ್ಟಿಕ್ ಚೀಲ, ಚೀಲಕ್ಕೊಂದು ಚೀಟಿ, ಬಿಚ್ಚುವ ಮೊದಲು ಒಂದು ಫೋಟೋ. ನನ್ನ ಮಗಳು ಆಗ ಹೈಸ್ಕೂಲಿನಲ್ಲಿದ್ದಳು, ಚೀಟಿ ಬರೆಯುವ ಕೆಲಸ ಅವಳದು. ಕೆಲವು ಚೀಟಿ ಕನ್ನಡದಲ್ಲೂ ಬರೆದಳು, ಅವಳ ಕನ್ನಡ ಬರವಣಿಗೆ ಸುಧಾರಿಸಿದ್ದು ನಟ್ಟು ಬೋಲ್ಟಿನಿಂದ. ಎರಡನೆಯ ವರ್ಷ ತುಕ್ಕು ಹಿಡಿದ ನೆಲ ಕತ್ತರಿಸಿ ಹೊಸ ತಗಡು ಬೆಸುಗೆ ಹಾಕಿದೆ. ಈ ಕಾರಿನ ಅಡಿಪಾಯವನ್ನು ಶೆವರ್ಲೆಯ ಶೆವೆಲ್, ಬ್ಯೂಯಿಕ್‌ನ ಸ್ಕೈಲಾರ್ಕ್ ಕಾರುಗಳೂ ಹಂಚಿಕೊಂಡದ್ದರಿಂದ ಹೊಸದಾಗಿ ಒತ್ತಿದ ತಗಡುಗಳು ಇಂದಿಗೂ ಅಂಗಡಿಯಲ್ಲಿ ಸಿಗುತ್ತವೆ. ಇಂಜಿನ್ನನ್ನು ಒಬ್ಬ ವಯಸ್ಸಾದ ಲೇತ್ ಕೆಲಸಗಾರರ ಬಳಿ ಒಯ್ದು ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿಸಿದೆ. ವಾಲ್ವ್ ಕೂರುವ ಜಾಗಕ್ಕೆ ಗಟ್ಟಿ ಉಕ್ಕಿನ ಬಳೆ ಕೂರಿಸಬೇಕಾಯಿತು. ಆಗಿನ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು, ಅದೇ ವಾಲ್ವಿನ ಜಾಗವನ್ನು ಸವೆಯದಂತೆ ಕಾಯುತ್ತಿತ್ತು. ಈಗಿನದರಲ್ಲಿ ಸೀಸವಿಲ್ಲ. ಬಣ್ಣ, ಸೀಟು, ವೈರಿಂಗ್ ವಿಷಯ ಹೇಳುತ್ತ ಹೋದರೆ ಊಟದ ಹೊತ್ತು ಮೀರುತ್ತದೆ. ಒಟ್ಟು ಖರ್ಚು, ನನ್ನ ಕೂಲಿ ಬಿಟ್ಟು, ಇನ್ನೂ 27 ಸಾವಿರ ಡಾಲರ್.

ಈಗ ಮಾರುವ ವಿಷಯ. ನಮ್ಮಪ್ಪ ಎತ್ತಿನ ವ್ಯಾಪಾರಕ್ಕೆ ಜಾತ್ರೆಗೆ ಹೋಗುತ್ತಿದ್ದದ್ದು ಇಲ್ಲಿನ ಹಿರಿಯರಿಗೆ ನೆನಪಿರಬಹುದು. ಹಲ್ಲು ನೋಡುವುದು, ಸುಳಿ ನೋಡುವುದು, ನಡಿಗೆ ನೋಡುವುದು, ಆಮೇಲೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ರೇಟು. ಹಳೆಯ ಕಾರಿನ ವ್ಯಾಪಾರವೂ ಅದೇ. ಇಲ್ಲಿ ಹಲ್ಲು ಸುಳಿಯ ಜಾಗದಲ್ಲಿ ನಂಬರುಗಳಿರುತ್ತವೆ. ಆರ್.ಟಿ.ಒ. ಕಚೇರಿಯಲ್ಲಿ ಟ್ರ್ಯಾಕ್ಟರಿನ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜುವುದನ್ನು ನೋಡಿದ್ದೀರಲ್ಲ, ಹಾಗೆಯೇ.

ನನ್ನ ಕಾರಿನ ನಂಬರು 242378 ಎಂದು ಶುರುವಾಗುತ್ತದೆ. ಮೊದಲಿನ 2 ಎಂದರೆ ಪಾಂಟಿಯಾಕ್, 42 ಎಂದರೆ ಜಿ.ಟಿ.ಒ., 37 ಎಂದರೆ ಎರಡು ಬಾಗಿಲಿನ ಹಾರ್ಡ್‌ಟಾಪ್, 8 ಎಂದರೆ 1968. ಮುಂದಿನ 'ಪಿ' ಅಕ್ಷರ ಪಾಂಟಿಯಾಕ್ ಊರಿನ ಕಾರ್ಖಾನೆ. 42ರ ಜಾಗದಲ್ಲಿ 37 ಇದ್ದರೆ ಅದು ಲೆಮಾನ್ಸ್ ಎಂಬ ಅಗ್ಗದ ಅಣ್ಣತಮ್ಮ. ನೋಡಲು ಹೆಚ್ಚುಕಡಿಮೆ ಒಂದೇ. ಲೆಮಾನ್ಸಿಗೆ ಜಿ.ಟಿ.ಒ. ಬಿಲ್ಲೆ ಅಂಟಿಸಿ ಮಾರುವವರು ಎಷ್ಟೋ ಜನ. ಪಾಂಟಿಯಾಕ್ ಕಾರುಗಳ ಕಾರ್ಖಾನೆ ದಾಖಲೆಗಳು ಉಳಿದುಕೊಂಡಿವೆ. ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್ ಎಂಬ ಸಂಸ್ಥೆಗೆ ಹಣ ಕಟ್ಟಿದರೆ ಆ ಕಾರು ಯಾವ ಬಣ್ಣದಲ್ಲಿ, ಯಾವ ಗೇರ್ ಬಾಕ್ಸ್ ಇಟ್ಟುಕೊಂಡು ಹೊರಬಂತು ಎಂಬ ಪ್ರತಿ ಕಳಿಸುತ್ತಾರೆ.

ಇನ್ನೊಂದು ನಂಬರು ಇಂಜಿನ್ ಬ್ಲಾಕಿನ ಮುಂಭಾಗದಲ್ಲಿದೆ. 1968ರಿಂದ ಕಾರಿನ ನಂಬರಿನ ಒಂದು ಭಾಗವನ್ನು ಇಂಜಿನ್ನಿಗೂ ಹೊಡೆಯುತ್ತ ಬಂದರು. ಎರಡೂ ಹೊಂದಿದರೆ 'ಮ್ಯಾಚಿಂಗ್ ನಂಬರ್ಸ್' ಕಾರು, ಬೆಲೆ ಏರುತ್ತದೆ. ಇಷ್ಟಲ್ಲದೆ ಬ್ಲಾಕಿನ ಹಿಂಬದಿಯಲ್ಲಿ ಎರಕ ಹೊಯ್ದ ದಿನವೇ ಅಚ್ಚಾಗಿರುತ್ತದೆ. 'ಎ' ಎಂದರೆ ಜನವರಿ, 'ಬಿ' ಎಂದರೆ ಫೆಬ್ರವರಿ, ಮುಂದೆ ತಾರೀಖು, ಕೊನೆಗೆ ವರ್ಷದ ಒಂದೇ ಅಂಕಿ. ನನ್ನ ಇಂಜಿನ್ನಿನ ಕೊನೆಯ ಅಂಕಿ ಸೊನ್ನೆ.

2017ರಲ್ಲಿ ಮಗಳ ಕಾಲೇಜು ಶುರುವಾಗುವುದಿತ್ತು. ಅಲ್ಲಿನ ಕಾಲೇಜು ಫೀಸು ಎಂದರೆ ಇಲ್ಲಿ ಒಂದು ತೋಟ ಮಾರಿದ ಹಾಗೆ. ಕಾರು ಮಾರಲು ನಿಶ್ಚಯ ಮಾಡಿದೆ. ಒಂದು ಭಾನುವಾರ ಹಳೆಯ ಕಾರುಗಳ ಮೇಳದಲ್ಲಿ ಪರಿಚಯವಾದ ಒಬ್ಬ ವ್ಯಾಪಾರಿ ಮನೆಗೆ ಬಂದ. ಕಾರಿನ ಸುತ್ತ ಎರಡು ಸುತ್ತು ಬಂದು, ಕೆಳಗೆ ಮಲಗಿ ನೋಡಿ, ಎದ್ದು ಹೇಳಿದ: "ಕೆಲಸ ಚೆನ್ನಾಗಿದೆ. ಕಾರು ಅಸಲಿ. ಈ ಇಂಜಿನ್ ಒಂದೇ ತೊಡಕು. ನನಗೆ ಗೊತ್ತಿರುವವನೊಬ್ಬ 1967ರ ಕೊನೆಯಲ್ಲಿ ಎರಕ ಹೊಯ್ದ ಬ್ಲಾಕ್ ಹುಡುಕಿಕೊಡುತ್ತಾನೆ. ಹಳೆಯ ನಂಬರು ತೇಯ್ದು ನಿಮ್ಮ ನಂಬರು ಹೊಡೆಯುತ್ತಾನೆ. ಅವನ ಅಕ್ಷರ ಕಾರ್ಖಾನೆಯ ಅಕ್ಷರದ ಹಾಗೇ ಸೊಟ್ಟಗಿರುತ್ತದೆ. ಆ ಖರ್ಚು ನನ್ನದು. ನಿಮಗೆ 45 ಸಾವಿರ ಕೊಡುತ್ತೇನೆ. ಆದರೆ ಆ ನೋಟ್‌ಬುಕ್ ಕಾರಿನ ಜೊತೆ ಬರಬಾರದು."

ನೋಟ್‌ಬುಕ್ ಆಗ ಕೆಲಸದ ಮೇಜಿನ ಮೇಲೆ ತೆರೆದೇ ಇತ್ತು. ಅದನ್ನು ಒಲೆಗೆ ಹಾಕಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂಬುದು ನಿಜ. ಅದನ್ನು ಬರೆದವರು ಇರಲಿಲ್ಲ. ಆದರೆ ಅದನ್ನು ಕೊಟ್ಟ ತಾಯಿ ಹತ್ತು ಮೈಲಿ ದೂರದಲ್ಲಿ ಇನ್ನೂ ಇದ್ದರು. ಬೆಲೆ ಹೇಳುವ ಮೊದಲು ಇಂಜಿನ್ನಿನ ವಿಷಯ ಹೇಳಿದವರು ಅವರು. ವ್ಯಾಪಾರಿಗೆ ಕಾಫಿ ಕೊಟ್ಟು, ಆಗುವುದಿಲ್ಲ ಎಂದು ಹೇಳಿ ಕಳಿಸಿದೆ. ಅವನೇನೂ ಜಗಳ ಮಾಡಲಿಲ್ಲ. "ಮಾರಲು ಕಷ್ಟಪಡುತ್ತೀರಿ" ಎಂದ, ಅಷ್ಟೇ.

ರಾತ್ರಿ ಊಟಕ್ಕೆ ಕೂತಾಗ ನಮ್ಮ ಮನೆಯಾಕೆ ಲೆಕ್ಕ ಕೇಳಿದಳು. ಕೇಳಬೇಕಾದದ್ದೇ. ಒಂದು ಸೆಮಿಸ್ಟರಿನ ಫೀಸು ಬಾಗಿಲ ತನಕ ಬಂದು ವಾಪಸ್ಸು ಹೋಗಿತ್ತು. ಮಗಳು ಸುಮ್ಮನೆ ಎದ್ದುಹೋಗಿ ಜಾಹೀರಾತು ಬರೆಯಲು ಕೂತಳು. ಮೊದಲ ಸಾಲಿನಲ್ಲೇ "ಇಂಜಿನ್ ಈ ಕಾರಿನದಲ್ಲ, 1970ರದ್ದು" ಎಂದು ಹಾಕಿದಳು. ಕಾರಿನ ಚಂದದ ಫೋಟೋಗಳ ಪಕ್ಕದಲ್ಲಿ ಹೊಂದದ ನಂಬರಿನ ಫೋಟೋ, 1974ರ ಪುಟದ ಫೋಟೋ, ಬೆಸುಗೆ ಹಾಕಿದ ನೆಲದ ಫೋಟೋ. ಫೋನು ಕಡಿಮೆ ಬಂದವು. ವ್ಯಾಪಾರಿ ಹೇಳಿದ್ದು ಸುಳ್ಳಾಗಲಿಲ್ಲ. ಐದು ತಿಂಗಳು ಕಾರು ಹಾಗೇ ನಿಂತಿತ್ತು, ಮೊದಲ ಕಂತಿನ ಫೀಸಿಗೆ ನಾನು ಸಾಲ ಮಾಡಿದೆ.

ಕೊನೆಗೆ ಬಂದವರು ಓಹಾಯೋದ ಒಬ್ಬ ನಿವೃತ್ತ ಮೆಕ್ಯಾನಿಕ್, ಶಾಲಾ ಬಸ್ಸುಗಳನ್ನು ಜೀವಮಾನವಿಡೀ ರಿಪೇರಿ ಮಾಡಿದವರು. ಕಾರನ್ನು ಹತ್ತು ನಿಮಿಷ ನೋಡಿದರು. ಆಮೇಲೆ ಸ್ಟೂಲ್ ಎಳೆದುಕೊಂಡು ನೋಟ್‌ಬುಕ್ಕನ್ನು ಮೊದಲ ಪುಟದಿಂದ ಓದತೊಡಗಿದರು. ಒಂದು ಗಂಟೆ ಓದಿದರು! "ಈ ಮನುಷ್ಯ ಮೂರು ಸಾವಿರ ಮೈಲಿ ದಾಟಲು ಒಮ್ಮೆಯೂ ಆಯಿಲ್ಲಿಗೆ ಬಿಟ್ಟಿಲ್ಲ" ಎಂದರು. ಚೌಕಾಸಿ ಮಾಡಿ 36 ಸಾವಿರಕ್ಕೆ ಇಳಿಸಿದರು. ಅಸಲು, ಖರ್ಚು ಸೇರಿ ನನಗೆ ಬಿದ್ದದ್ದು 38 ಸಾವಿರ, ನಾಲ್ಕು ವರ್ಷದ ಶನಿವಾರ ಭಾನುವಾರ ಬೇರೆ. ಈ ಹವ್ಯಾಸದಲ್ಲಿ ದುಡ್ಡು ಮಾಡಬಹುದು ಎಂದು ಯಾರಾದರೂ ಹೇಳಿದರೆ ಅವರ ಲೆಕ್ಕದ ಪುಸ್ತಕ ಕೇಳಿ ನೋಡಿ.

ಕಾರು ಹೋಗುವ ಹಿಂದಿನ ದಿನ ಆ ತಾಯಿಯನ್ನು ಕೂರಿಸಿಕೊಂಡು ವುಡ್‌ವರ್ಡ್ ಅವೆನ್ಯೂ ಮೇಲೆ ಒಂದು ಸುತ್ತು ಹೋದೆ. ಡೆಟ್ರಾಯಿಟ್‌ನಿಂದ ಪಾಂಟಿಯಾಕ್‌ಗೆ ಹೋಗುವ ರಸ್ತೆ ಅದು. ಅರವತ್ತರ ದಶಕದಲ್ಲಿ ಹುಡುಗರು ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಪಂದ್ಯ ಕಟ್ಟುತ್ತಿದ್ದ ರಸ್ತೆ. ಈಗ ಪ್ರತಿ ಆಗಸ್ಟಿನಲ್ಲಿ ಹಳೆಯ ಕಾರುಗಳ ಜಾತ್ರೆಯೇ ಅಲ್ಲಿ ನೆರೆಯುತ್ತದೆ. ಆ ತಾಯಿ ಹೆಚ್ಚು ಮಾತಾಡಲಿಲ್ಲ. ಒಂದು ಸಿಗ್ನಲ್ಲಿನಲ್ಲಿ ಮಾತ್ರ, "ಅವರು ಇಲ್ಲಿ ಇಷ್ಟು ನಿಧಾನ ಹೋಗುತ್ತಿರಲಿಲ್ಲ" ಎಂದರು. ನಾನು ಸ್ವಲ್ಪ ಆಕ್ಸಿಲರೇಟರ್ ಒತ್ತಿದೆ.

ಓಹಾಯೋದ ಯಜಮಾನರು ನೋಟ್‌ಬುಕ್ಕಿನ ಹೊಸ ಪುಟದಲ್ಲಿ ತಾರೀಖು, ಮೈಲಿ, ನನ್ನ ಹೆಸರು, ತಮ್ಮ ಹೆಸರು ಬರೆದುಕೊಂಡು ಹೋದರು. ನನ್ನ ಗ್ಯಾರೇಜಿನಲ್ಲಿ ಈಗ ಇನ್ನೊಂದು ಕಾರಿದೆ, 237ರಿಂದ ಶುರುವಾಗುವ ಲೆಮಾನ್ಸ್. ಅದು ಲೆಮಾನ್ಸ್ ಎಂಬ ಬಿಲ್ಲೆಯನ್ನೇ ಹಾಕಿಕೊಳ್ಳುತ್ತದೆ.

ಫೋಟೋ ಆಲ್ಬಂ ತಂದಿದ್ದೇನೆ. ಊಟವಾದ ಮೇಲೆ ಹಳೆಯ ಹತ್ತನೇ ತರಗತಿ ಕೋಣೆಯ ಮುಂದೆ ಕೂತಿರುತ್ತೇನೆ, ನೋಡಬೇಕೆನ್ನುವ ಮಕ್ಕಳು ಬನ್ನಿ.